ಬಾಗಿಲು ಮೇಷ್ಟ್ರ ತಲೆ

ಕಾರಿನ ಬಂಪರ್ ನನ್ನ ಮೊಣಕಾಲಿಗೆ ತಾಗಿಕೊಂಡೇ ನಿಂತಿತ್ತು. ಎಂಜಿನ್ ಆಫ್ ಆಗಿರಲಿಲ್ಲ!

ಬೆನ್ನ ಹಿಂದೆ ಕಾಂಕ್ರೀಟ್ ಕಂಬ. ಸ್ಟಿಯರಿಂಗ್ ಹಿಡಿದು ಕೂತವರು ನನ್ನ ಸ್ವಂತ ಅಕ್ಕನ ಗಂಡ. ಹಿಂದಿನ ಸೀಟಿನಲ್ಲಿ ಅವರ ಮಗಳು ಪುಟ್ಟಿ, ಸ್ಕೂಲ್ ಬ್ಯಾಗನ್ನು ತಬ್ಬಿಕೊಂಡು ಮುದುರಿ ಕೂತಿದ್ದಳು.

"ಯಾರು ಕಳ್ಸಿದ್ದು ನಿನ್ನ?" ಭಾವ ಕಿಟಕಿಯಿಂದ ಕೂಗಿದರು.

"ಅಕ್ಕ, ಭಾವ. ಅಕ್ಕನೇ..."

"ಸುಳ್ಳು! ಆವಾಗ್ಲಿಂದ ಹಿಂದೆ ಬಿದ್ದಿದೀಯ!"

ಎಂಜಿನ್ ಗುರ್ ಎಂದಿತು. ಬಂಪರ್ ಇನ್ನಷ್ಟು ಒತ್ತಿತು.

ನೋಡಿ, ನಾನು ಪ್ರೈವೇಟ್ ಡಿಟೆಕ್ಟಿವ್. ಓಡಿಹೋದ ಗಂಡಂದಿರನ್ನು ಹುಡುಕಿಕೊಡುವುದೇ ನನ್ನ ಹೊಟ್ಟೆಪಾಡು. ಚಾಕು ತೋರಿಸಿದವರಿದ್ದಾರೆ, ನಾಯಿ ಛೂ ಬಿಟ್ಟವರಿದ್ದಾರೆ. ಆದರೆ ಅವತ್ತಿನದು ಬೇರೆ. ಚಾಕು ಹಿಡಿದವನಿಗೆ ಎದುರಿಗಿರುವವನು ಯಾರೆಂದು ಗೊತ್ತಿರುತ್ತದೆ. ಭಾವನಿಗೆ ಗೊತ್ತಿರಲಿಲ್ಲ!

ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ದಳು. ಸ್ಕೂಲ್ ಗೇಟಿನ ಹತ್ತಿರ ಲಾರಿಯೊಂದರ ಟೈರ್ ಢಮ್ ಎಂದು ಒಡೆದಿತ್ತು. ಭಾವ ಅಕ್ಕನ ಕಣ್ಣೆದುರೇ ಮಗಳನ್ನು ಬಾಚಿ ಕಾರಿಗೆ ತುರುಕಿ ಹೊರಟೇಬಿಟ್ಟಿದ್ದರು.

"ಅವ್ರು ಅವ್ರಾಗಿರ್ಲಿಲ್ಲ ಕಣೋ... ಮಗು ಇದೆ ಒಳಗೆ... ಹೇಗಾದ್ರೂ ಮಾಡೋ!"

ಭಾವ ಹೋದ ವರ್ಷ ಸೈನ್ಯದಿಂದ ನಿವೃತ್ತಿಯಾದವರು. ಯುದ್ಧ ಕಂಡವರಲ್ಲ. ಬೀಗ ಹಾಕಿದ ಬಾಗಿಲನ್ನು ಸಣ್ಣ ಸ್ಫೋಟಕ ಇಟ್ಟು ಹಾರಿಸಿ ಒಳನುಗ್ಗುವುದು ಹೇಗೆ ಎಂದು ಹುಡುಗರಿಗೆ ಕಲಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು 'ಬಾಗಿಲು ಮೇಷ್ಟ್ರು.' ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ... ತಲೆನೋವು, ನಿದ್ದೆಯಿಲ್ಲ, ಹಗಲೆಲ್ಲ ಪರದೆ ಎಳೆದ ರೂಮು. ಮಾತಿನ ಮಧ್ಯೆ ಪದ ಮರೆತು ತಬ್ಬಿಬ್ಬಾಗುವರು. ಮೂಗಿನ ತುದಿಯಲ್ಲೇ ಸಿಟ್ಟು, ಆಮೇಲೆ ಅಳು.

ಮೂವರು ಡಾಕ್ಟರುಗಳಿಗೆ ತೋರಿಸಿದ್ದಾಯಿತು. ಸ್ಕ್ಯಾನ್ ಕ್ಲೀನ್! ಒಬ್ಬರು ನರಗಳ ದೌರ್ಬಲ್ಯ ಎಂದರು. ಇನ್ನೊಬ್ಬರು ಕೆಲಸವಿಲ್ಲದ ತಲೆ ಎಂದರು. ಮೂರನೆಯವರು ಬಾಯಿ ವಾಸನೆ ನೋಡಿದರು!

"ಕುಡಿಯೋರಾಗಿದ್ರೆ ಬಿಡಿಸ್ಬೋದಿತ್ತಲ್ಲೋ," ಎಂದು ಅಕ್ಕ ಅತ್ತಿದ್ದಳು.

ಅವತ್ತು ಅಕ್ಕನ ಫೋನ್ ಇಟ್ಟವನೇ ಗಾಡಿ ಹತ್ತಿ ಹುಡುಕಹೊರಟೆ. ಸೇತುವೆಯ ಮೇಲೆ ಭಾವನ ಕಾರು ಕಣ್ಣಿಗೆ ಬಿತ್ತು. ಬೆನ್ನು ಹತ್ತಿದೆ. ಕೆಂಪು ಸಿಗ್ನಲ್... ನಿಲ್ಲಲಿಲ್ಲ! ಸ್ಕೂಟರಿನವನೊಬ್ಬ ಫುಟ್‌ಪಾತ್ ಹತ್ತಿ ಬಚಾವಾದ. ಮುಂದಿನ ತಿರುವಿನಲ್ಲಿ ಕಾರು ಮಾಯ.

ಗಾಡಿ ನಿಲ್ಲಿಸಿ ಯೋಚಿಸಿದೆ. ಬೆಳಕು ಕಂಡರಾಗದ ಮನುಷ್ಯ. ಅದರಲ್ಲೂ ಸೈನಿಕ. ಕತ್ತಲಿರಬೇಕು, ಒಂದೇ ದಾರಿ ಇರಬೇಕು. ಮಾರ್ಕೆಟ್ ಕಾಂಪ್ಲೆಕ್ಸಿನ ನೆಲಮಾಳಿಗೆ ಪಾರ್ಕಿಂಗ್!

ಅಲ್ಲೇ ಇದ್ದರು. ಕಾರಿನ ಮೂತಿ ದಾರಿಗೇ ಎದುರು. ನಾನು ಎರಡೂ ಕೈ ಮೇಲೆತ್ತಿ ಅಡ್ಡ ನಿಂತೆ. ಅಲ್ಲಿಂದ ಕಂಬದವರೆಗೂ ನನ್ನನ್ನು ತಳ್ಳಿಕೊಂಡೇ ಬಂದಿದ್ದರು.

"ಮಾಮಾ..." ಪುಟ್ಟಿಯ ದನಿ ಸಣ್ಣಗೆ ಕೇಳಿಸಿತು.

ಏನಾದರೂ ಮಾತಾಡಬೇಕಿತ್ತು. 'ಶಾಂತವಾಗಿರಿ' ಎಂದರೆ ಗ್ಯಾರಂಟಿ ಪೆಡಲ್ ಒತ್ತುತ್ತಿದ್ದರು. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಬಾಯಿ ಬಿಡದವನನ್ನು ಅವನ ಕೆಲಸದ ಬಗ್ಗೆ ಕೇಳಬೇಕು.

"ಮೇಷ್ಟ್ರೇ!" ಎಂದೆ. "ಬಾಗ್ಲು ಹಾರಿಸೋವಾಗ ನೀವೆಲ್ಲಿ ನಿಲ್ತಿದ್ರಿ?"

ಭಾವ ಕಣ್ಣು ಕಿರಿದು ಮಾಡಿದರು.

"ಮುಂದೆ," ಎಂದರು ನಿಧಾನವಾಗಿ. "ಎಲ್ರಿಗಿಂತ ಮುಂದೆ. ಮೇಷ್ಟ್ರು ಹಿಂದೆ ನಿಂತ್ರೆ ಹುಡುಗ್ರು ಕಲೀತಾರಾ?"

"ಒಂದು ಬಾಗ್ಲಾದ್ಮೇಲೆ?"

"ಇನ್ನೊಂದು ಬ್ಯಾಚ್. ಇನ್ನೊಂದು ಬಾಗ್ಲು. ದಿನವಿಡೀ."

"ಮೈಗೆ ಏನಾಗ್ತಿತ್ತು?"

"ಗಾಳಿ ಬಂದು ಗುದ್ದುತ್ತೆ. ತಲೆ ಒಳಗೆ ಗಂಟೆ ಹೊಡ್ದಂಗೆ... ಸ್ವಲ್ಪ ಹೊತ್ತು ಏನೂ ತಿಳಿಯಲ್ಲ. ಆಮೇಲೆ ಸರಿಹೋಗುತ್ತೆ."

ಪೆಡಲ್ ಮೇಲಿನ ಕಾಲು ಸಡಿಲವಾಯಿತು. ಎಂಜಿನ್ ಸದ್ದು ಇಳಿಯಿತು. ಇಳಿಜಾರಿನಲ್ಲಿ ಕಾರು ಒಂದೆರಡು ಅಡಿ ಹಿಂದಕ್ಕೆ ಜಾರಿತು.

ಅಷ್ಟರಲ್ಲಿ ಎಲ್ಲಿದ್ದನೋ ಆ ಪುಣ್ಯಾತ್ಮ ವಾಚ್‌ಮನ್! "ಯಾರ್ರೀ ಅದು?" ಎನ್ನುತ್ತ ಅಷ್ಟೂ ಲೈಟುಗಳನ್ನು ಒಟ್ಟಿಗೇ ಹಾಕಿಬಿಟ್ಟ!

ಭಾವ ಕಿರುಚಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಕಾಲು ಪೆಡಲನ್ನು ತುಳಿಯಿತು. ನಾನು ಪಕ್ಕಕ್ಕೆ ಹಾರಿದೆ. ದೇಹ ಬಂತು, ಬಲಪಾದ ಬರಲಿಲ್ಲ.

ಧಡ್!

ಕಾರು ಕಂಬಕ್ಕೆ ಗುದ್ದಿ ಆಫ್ ಆಯಿತು. ಹಿಂದಿನ ಸೀಟಿನಿಂದ ಸದ್ದಿಲ್ಲ. ಆ ಸದ್ದಿಲ್ಲದಿರುವಿಕೆ ಇದೆಯಲ್ಲ, ಅದನ್ನು ಶತ್ರುವಿಗೂ ಬಯಸುವುದಿಲ್ಲ.

"ಅಪ್ಪಾ..."

ಬದುಕಿತ್ತು ಮಗು! ಒಂದು ಗೀರೂ ಇರಲಿಲ್ಲ. ಭಾವ ತಿರುಗಿ ಅವಳನ್ನು ನೋಡಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ನನ್ನನ್ನು ನೋಡಿದರು. ಈಗ ಗುರುತು ಸಿಕ್ಕಿತು. ಮುಖ ಸುಣ್ಣದಂತಾಯಿತು.

ಇಳಿದು ಬಂದು ಕಾರಿನ ಕೀ ನನ್ನ ಕೈಗಿಟ್ಟರು.

"ಇಟ್ಕೋ. ನಾನು ಕೇಳಿದ್ರೂ ಕೊಡ್ಬೇಡ," ಎಂದರು. "ನಂಗೆ ಹುಚ್ಚು ಹಿಡೀತಿದೆ ಕಣೋ. ಭಯ ಆಗುತ್ತೆ."

ನನಗೂ ಆಗಿತ್ತು. ಕೀಯನ್ನು ಜೇಬಿಗೆ ಹಾಕಿಕೊಂಡೆ.

ನಾಲ್ಕನೆಯ ಡಾಕ್ಟರಮ್ಮ ಹಿಂದೆ ಸೈನಿಕರ ಆಸ್ಪತ್ರೆಯಲ್ಲಿದ್ದವರು. ನಾನು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದೆ, ಅಕ್ಕ ಪಕ್ಕದಲ್ಲಿದ್ದಳು. ಡಾಕ್ಟರಮ್ಮ ಸ್ಕ್ಯಾನ್ ಕವರನ್ನು ಬಿಚ್ಚಲೇ ಇಲ್ಲ. ಕಿಟಕಿ ಪರದೆ ಎಳೆದು, ಪೆನ್ನನ್ನು ಅತ್ತಿತ್ತ ಆಡಿಸಿ ಭಾವನ ಕಣ್ಣು ನೋಡಿದರು. ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಪರೇಡಿನಲ್ಲಿ ಕಂಬದಂತೆ ನಿಲ್ಲುತ್ತಿದ್ದ ಮನುಷ್ಯ ತೂರಾಡಿ ಗೋಡೆ ಹಿಡಿದರು!

"ಹಿಂದಿನ ಡಾಕ್ಟ್ರುಗಳು ಏನು ಕೇಳಿದ್ರು?"

"ತಲೆಗೆ ಏಟು ಬಿದ್ದಿತ್ತಾ ಅಂದ್ರು. ಬಿದ್ದಿಲ್ಲ ಅಂದೆ. ನಿಜ ತಾನೇ?"

"ಸ್ಫೋಟದ ಒತ್ತಡಾನೂ ಏಟೇ. ಒಂದೊಂದೂ ಸಣ್ಣದು, ಆದ್ರೆ ಮಿದುಳು ಮೊದಲಿನದ್ರಿಂದ ಸುಧಾರಿಸ್ಕೊಳ್ಳೋ ಮುಂಚೆನೇ ಇನ್ನೊಂದು. ಇಂಥದ್ದು ಎಷ್ಟೋ ಸಲ ಸ್ಕ್ಯಾನಲ್ಲಿ ಕಾಣಲ್ಲ. ಕೂರಿಸ್ಕೊಂಡು ಕೇಳ್ಬೇಕು. ಹುಚ್ಚಲ್ಲ ಇದು, ಗಾಯ."

"ವಾಸಿ ಆಗುತ್ತಾ?" ಅಕ್ಕ ಕೇಳಿದಳು.

"ಪೂರ್ತಿ ಅಂತ ಮಾತು ಕೊಡಲ್ಲಮ್ಮ. ಸುಧಾರಿಸುತ್ತೆ."

ಭಾವ ಮಗುವಿನಂತೆ ಅತ್ತರು. ತಲೆಯಲ್ಲಿ ಗಾಯವಿದೆ ಎಂದಿದ್ದಕ್ಕೆ ಇಷ್ಟು ಸಮಾಧಾನಪಟ್ಟವರನ್ನು ನಾನು ಕಂಡಿಲ್ಲ.

"ನಿಮ್ಮ ಜೊತೆ ಮುಂದೆ ಇನ್ಯಾರು ನಿಲ್ತಿದ್ರು?" ಡಾಕ್ಟರಮ್ಮ ಕೇಳಿದರು.

ಭಾವನ ಅಳು ನಿಂತಿತು. ಫೋನ್ ತೆಗೆದು, ತಮ್ಮ ನಂತರ ಮೇಷ್ಟ್ರಾದ ಶಿಷ್ಯನಿಗೆ ಕರೆ ಮಾಡಿದರು. ಸ್ಪೀಕರ್ ಆನ್.

"ಲೋ, ಬಾಗ್ಲು ಹಾರಿಸಿದ್ಮೇಲೆ ತಲೆಯೊಳಗೆ ಗಂಟೆ ಹೊಡಿಯುತ್ತಾ?"

"ಇಲ್ಲಾ ಸಾರ್! ಫಸ್ಟ್ ಕ್ಲಾಸಾಗಿದೀನಿ ಸಾರ್!"

ಭಾವ ಫೋನ್ ಕೆಳಗಿಟ್ಟರು. ಮುಖದಲ್ಲಿ ಮತ್ತೆ ಅದೇ ಹೆದರಿಕೆ.

"ಸುಳ್ಳು ಹೇಳ್ತಿದಾನೆ," ಎಂದರು. "ಹೌದು ಅಂದವನನ್ನ ಅವತ್ತೇ ತಂಡದಿಂದ ತೆಗೀತಿದ್ವಿ. 'ಇಲ್ಲಾ ಸಾರ್' ಅನ್ನೋದನ್ನ ನಾನೇ ಕಲ್ಸಿದ್ದು."