ಹೊಳ್ಳಿ ಹೇಳ್ರಿ

"ಎಲ್ಲಾರೂ ಹೆಬ್ಬೆಟ್ಟು ತೋರಿಸ್ಯಾರ. ಕೇಳಿಸ್ಕೊಂಡವ್ರು ಯಾರು?"

ಶಹಾಪುರದ ಕಾಲುವೆ ಆಫೀಸಿನ ಬಾಗಿಲಲ್ಲಿ ನಾನು ನಿಂತಿದ್ದೆ. ಒಳಗೆ ಇಂಜಿನಿಯರ್ ವಿಶ್ವಾರಾಧ್ಯ ಒಬ್ಬರೇ ಇದ್ದರು. ಫೋನಿನ ವಾಟ್ಸಾಪ್ ಗ್ರೂಪು ನೋಡುತ್ತ, ಯಾರಿಗೂ ಅಲ್ಲದೆ ಗಾಳಿಗೆ ಕೇಳಿದ ಮಾತು ಅದು.

"ನಾ ಕೇಳಿಸ್ಕೊಂಡೀನ್ರಿ," ಎಂದೆ.

ತಿರುಗಿದರು. ಕಿವಿಯ ತುದಿ ಕೆಂಪಾಯಿತು. "ನೀವು ಯಾರ್ರಿ?"

"ಸೌಭಾಗ್ಯ ಅಂತ, ಯಾದಗಿರಿಯಿಂದ ಬಂದೀನಿ. ಫೋನು ಬಂದ ಮ್ಯಾಲ ಆಫೀಸಿನ್ಯಾಗ ಮಂದಿ ನಡವಳಿಕಿ ಹೆಂಗ ಬದಲಾಗ್ಯಾದ ಅಂತ ಪಿಎಚ್‌ಡಿ ಮಾಡಾಕತ್ತೇನ್ರಿ."

"ಬದಲಾಗ್ಯಾದ್ರಿ. ಬಾಯಿ ಇದ್ದವ್ರಿಗೆಲ್ಲಾ ಈಗ ಬೆರಳಷ್ಟ ಉಳದಾವ. ಬರ್ರಿ, ಕೂಡ್ರಿ. ಲಾಲಮ್ಮ, ಇನ್ನೊಂದು ಚಾ."

ನನ್ನ ಸಂಶೋಧನೆಯ ನಿಯಮ ಓದಿ ಹೇಳಿದೆ. ನಿಮ್ಮ ಮಾತು ರೆಕಾರ್ಡ್ ಮಾಡುತ್ತೇನೆ, ಬಳಸುವ ಮುಂಚೆ ನಿಮಗೆ ಕೇಳಿಸುತ್ತೇನೆ, ಬೇಡ ಎಂದದ್ದನ್ನು ಅಳಿಸುತ್ತೇನೆ.

"ಏನು ಅಳಸು ಅಂದ್ರೂ ಅಳಸ್ತೀರಿ?"

"ಅಳಸ್ತೀನ್ರಿ."

"ಹೊಳ್ಳಿ ಹೇಳ್ರಿ."

ಹೇಳಿದ್ದನ್ನೇ ಮತ್ತೆ ಹೇಳಬೇಕೆಂದದ್ದಕ್ಕೆ ನಾನು ಕಕ್ಕಾಬಿಕ್ಕಿಯಾದೆ. ಚಹಾ ತಂದ ಲಾಲಮ್ಮ, ಆಫೀಸಿನ ಜವಾನ ಕೆಲಸದವಳು, ನಕ್ಕಳು. "ಅದು ಸಾಹೇಬ್ರ ರೋಗ ಯವ್ವಾ. ಗೇಟಿನ ಮಂದೀಗೂ ಹಿಂಗ ಕಾಡ್ತಾರ."

ನಿಜವೇ. ನೀರು ಬಿಡಲು ಕಾಲುವೆಯ ಗೇಟು ಎತ್ತುವ ಆದೇಶ ಗ್ರೂಪಿಗೆ ಹೋಗುತ್ತಿತ್ತು, ಎಲ್ಲರೂ ಹೆಬ್ಬೆಟ್ಟಿನ ಚಿತ್ರ ಒತ್ತುತ್ತಿದ್ದರು. ಇವರು ಮಾತ್ರ ಆಮೇಲೆ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದರು. "ಹಣಮೇಶಣ್ಣ, ಎಷ್ಟು ಎತ್ತತೀರಿ?" ಸುರಪುರದ ಕಡೆಯಿಂದ ಒಂದು ದನಿ, "ಅರ್ಧ ಫೂಟು ಸಾಹೇಬ್ರ." "ಹೊಳ್ಳಿ ಹೇಳ್ರಿ." "ಅರ್ಧರೀ. ಬರೇ ಅರ್ಧ." ಆಗಲೇ ಇವರ ಭುಜ ಸಡಿಲಾಗುವುದು.

ಆಫೀಸಿನವರಿಗೆ ಅದು ಪೀಡೆ. ನನಗೆ ಮನೆಯ ನೆನಪು. ಸಂಜೆ ದೀಪ ಹಚ್ಚಿ ನಮ್ಮ ಆಯಿ ವಚನ ಹೇಳುವಳು. ಅದು ನನ್ನ ಬಾಯಿಂದ ತಿರುಗಿ ಬರುವವರೆಗೂ ನಾನು ಕೇಳಿದ್ದೇನೆಂದು ಅವಳು ಒಪ್ಪುತ್ತಿರಲಿಲ್ಲ.

ವಾರಕ್ಕೊಮ್ಮೆ ಹೋಗತೊಡಗಿದೆ. ಮಾತಾಡುವಾಗ ಅವರ ಕಣ್ಣು ಕಿಟಕಿಯಾಚೆ, ಬುದ್ಧ ಮಲಗಿದಂತಿರುವ ಗುಡ್ಡದ ಮೇಲೆ. ಮಾತು ಮುಗಿದಾಗ ಅಲ್ಲಿಂದ ಮೆಲ್ಲಗೆ ಇಳಿದು ಬಂದು ನನ್ನ ಮುಖ ಮುಟ್ಟಿ, ಅವಸರವಾಗಿ ಪೆನ್ನಿನ ಕಡೆ ಹೊರಳುವುದು.

"ಊಟ ಆತೇನ್ರಿ?" ಎಂದೆ ಒಂದು ದಿನ.

"ಇದೂ ಪಿಎಚ್‌ಡಿದಾಗ ಬರ್ತದೇನ್ರಿ?"

"ಬರಂಗಿಲ್ರಿ."

"ಹಂಗಾರ ಖರೇ ಹೇಳ್ತೀನಿ. ಆಗಿಲ್ಲ."

ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದೆ. ತಿಂದು ನಾನು ಕೈ ತೊಳೆಯಲು ಹೊರಗೆ ಹೋದಾಗ ನನ್ನ ಫೋನು ಮೇಜಿನ ಮೇಲೆ ರೆಕಾರ್ಡ್ ಮಾಡುತ್ತಲೇ ಇತ್ತು. ನನಗಾಗಲಿ, ಅವರಿಗಾಗಲಿ, ಮೇಜು ಒರೆಸಲು ಬಂದ ಲಾಲಮ್ಮನಿಗಾಗಲಿ ಅದರ ನೆನಪಿರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಪೂಜೆ ಮುಗಿಸಿ ಹೆಡ್‌ಫೋನ್ ಹಾಕಿಕೊಂಡೆ. ಹಣೆಯ ವಿಭೂತಿ ಇನ್ನೂ ತಣ್ಣಗಿತ್ತು.

ಲಾಲಮ್ಮನ ದನಿ: "ಆ ಹುಡುಗಿ ಬರೂ ದಿನ ಅಂಗಿಗೆ ಇಸ್ತ್ರಿ ಬೀಳತದಲ್ರೀ ಸಾಹೇಬ್ರ?"

ಅವರದು, ತಡೆದು: "ಆಕಿ ಕೇಳೂ ರೀತಿ ನೋಡು ಲಾಲಮ್ಮ. ನನ್ನ ಮಾತು ಮುಗದ ಮ್ಯಾಲೂ ಕೇಳಕೋತ ಇರ್ತಾಳ. ಹಂತಾಕಿ ಮನ್ಯಾಗ ಇದ್ರ ಸಾಕು, ಮತ್ತೇನೂ ಬ್ಯಾಡ."

ಹೆಡ್‌ಫೋನ್ ತೆಗೆದಿಟ್ಟೆ. ಮತ್ತೆ ಹಾಕಿಕೊಂಡೆ. ಆ ಮಾತು ನನ್ನ ತುಟಿಯ ಮೇಲೂ ಒಮ್ಮೆ ತಿರುಗಿ ಬಂತು.

ಮರುದಿನ ಗೈಡಿಗೆ ಹೇಳಿದೆ, ವಿಶ್ವಾರಾಧ್ಯರ ಅಧ್ಯಾಯ ತೆಗೆಯುತ್ತೇನೆಂದು.

"ನಿನ್ನ ಪ್ರಬಂಧದ ಜೀವಾನ ಅದು. ಯಾಕ?"

"ಅವ್ರ ವಿಷಯದಾಗ ನನ್ನ ತಕ್ಕಡಿ ಒಂದ ಕಡೆ ವಾಲ್ಯಾದ್ರಿ ಸರ್."

ಗೈಡು ಕನ್ನಡಕದ ಮೇಲಿಂದ ನೋಡಿದರು. "ವರ್ಷದ ಕೆಲಸ ಹೋಗ್ತದ ನೋಡು."

"ಹೋಗ್ಲಿರಿ."

ಆದರೆ ನಿಯಮದಂತೆ ಅವರಿಗೆ ಕೇಳಿಸಬೇಕಿತ್ತು. ಶಹಾಪುರಕ್ಕೆ ಹೋಗಿ ಹೆಡ್‌ಫೋನ್ ಕೈಗಿತ್ತೆ. ಕೇಳುತ್ತ ಕೇಳುತ್ತ ಅವರ ಕಿವಿ ಮೊದಲ ದಿನದಂತೆಯೇ ಕೆಂಪೇರಿತು.

"ಇದು ಪುಸ್ತಕದಾಗ ಬರ್ತದೇನ್ರಿ?"

"ಇಲ್ರಿ. ನಿಮ್ಮ ಭಾಗ ಪೂರಾ ತಗದೀನಿ. ಬ್ಯಾರೆ ಆಫೀಸಿನ್ಯಾಗ ಮೊದಲಿಂದ ಶುರು ಮಾಡ್ತೀನಿ."

ತಲೆ ತಗ್ಗಿಸಿ ಹೆಡ್‌ಫೋನಿನ ವೈರು ಸುತ್ತಿಟ್ಟರು. "ನನ್ನ ಬಾಯಿಂದ ನಿಮ್ಮ ಕೆಲಸ ಕೆಡ್ತು. ಅಳಸಿಬಿಡ್ರಿ ಸೌಭಾಗ್ಯ ಅವ್ರ. ಅಳಸ್ತೀನಿ ಅಂತ ನೀವ ಮಾತು ಕೊಟ್ಟೀರಿ."

ಬಾಗಿಲಲ್ಲಿ ಲಾಲಮ್ಮ ಚಹಾದ ಕಪ್ಪು ಹಿಡಿದು ಒಳಗೆ ಬಾರದೆ ನಿಂತಿದ್ದಳು.

"ಮಾತು ಕೊಟ್ಟಾಕಿ ಸ್ಕಾಲರ್ ರೀ," ಎಂದೆ. " ಆಕಿ ತನ್ನ ಪಾಲಿಂದೆಲ್ಲಾ ಅಳಸ್ಯಾಳ." ಫೋನನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡೆ. "ಇದು ನಂದು, ಸೌಭಾಗ್ಯಂದು. ಅಳಸಂಗಿಲ್ಲ."

ಅವರು ತಲೆ ಎತ್ತಿದರು. ಕಣ್ಣು ಈ ಸಲ ಗುಡ್ಡದ ಕಡೆಗೂ ಹೋಗಲಿಲ್ಲ, ಪೆನ್ನಿನ ಕಡೆಗೂ ಇಲ್ಲ.

"ಹೊಳ್ಳಿ ಹೇಳ್ರಿ," ಎಂದರು ಮೆಲ್ಲಗೆ.

"ಅಳಸಂಗಿಲ್ಲ."