ವಾಣಿಜ್ಯ ವಲಯದಲ್ಲೊಂದು ಮನೆ

ಟೊಲೀಡೊ ಊರಿನಲ್ಲಿ, ಕೆಳಗೆ ಅಂಗಡಿ ಮೇಲೆ ಮನೆಗಳಾಗಿ ಬದಲಾಗಿದ್ದ ಹಳೆಯ ಗೋದಾಮೊಂದರ ನೆಲಮಾಳಿಗೆಯಲ್ಲಿ ಕರ್ಟಿಸ್ ವೀಮ್ಸ್ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಜಜ್ಜಿಹೋಗಿತ್ತು. ಪಕ್ಕದಲ್ಲಿ ದೊಡ್ಡ ಸ್ಪ್ಯಾನರ್. ಮನೆಯೊಳಗೆ ನೆಲ ಕೊಳೆಯಾಗದಿರಲೆಂದು ಬೂಟುಗಳ ಮೇಲೆ ಹಾಕಿದ ನೀಲಿ ಬಟ್ಟೆಯ ಕವರುಗಳು ಹಾಗೇ ಇದ್ದವು. ವೆಂಡೆಲ್ ಒಂದೇ ಸಲ ನೋಡಿ ಮುಖ ತಿರುಗಿಸಿದ. ಅವನ ಗೆಳತಿ ಅಗಸ್ಟಾ ಪಿಲಾರ್ಸ್ಕಿ ಮಾತ್ರ ಬಗ್ಗಿ ನೋಡುತ್ತಲೇ ಇದ್ದಳು. ಪತ್ತೇದಾರಿಕೆ ಅವಳ ಕಸುಬು, ವಾಸ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ.

ವೀಮ್ಸ್ ಮನೆಗಳಿಗೆ ಬೆಲೆ ಕಟ್ಟುವವನು. ಅದೇ ಕಟ್ಟಡದಲ್ಲಿದ್ದ ತನ್ನ ಮನೆ ಮಾರಲು ಹೊರಟಿದ್ದ ವಿಧವೆ ರಮೋನಾ ಟಾಲಿವರ್ ಅವನನ್ನು ಕರೆಸಿದ್ದಳು. ಪೊಲೀಸರು ಈಗ ಅವಳನ್ನೇ ಹಿಡಿದು ಕೂರಿಸಿದ್ದರು.

"ನಿನ್ನ ದಮ್ಮಯ್ಯ ಅಗಸ್ಟಾ, ನಾನು ಕೊಂದಿಲ್ಲ ಕಣೆ!" ರಮೋನಾ ಅಂಗಲಾಚಿದಳು. "ರೂಮು ಅಳೀತಿದ್ದ. ನಾನು ಕಾಫಿ ತರೋಷ್ಟರಲ್ಲಿ ಆಸಾಮಿ ಇರ್ಲಿಲ್ಲ."

ಕಟ್ಟಡ ನೋಡಿಕೊಳ್ಳುವ ಗಾರ್ಡನ್ ಪ್ಯಾಸ್ಕೀ ತಲೆಯಾಡಿಸಿದ. "ಅಳೆಯೋದೆಲ್ಲಿ ಬಂತು? ಬಾಗಿಲಲ್ಲೇ ನನಗೆ ಸಿಕ್ಕಿದ್ದ. 'ಇದು ವಾಣಿಜ್ಯ ವಲಯದ ಕಟ್ಟಡ, ನನ್ನ ಲೈಸೆನ್ಸಿಗೆ ಬರಲ್ಲ, ಆಯಮ್ಮನಿಗೆ ಹೇಳಿ ಹೋಗ್ತೀನಿ' ಅಂದ. ಆಸೆ ಮುರಿದು ಇವಳಿಗೆ ತಲೆ ಕೆಟ್ಟಿರಬೇಕು."

ಅಗಸ್ಟಾ ಸೀದಾ ವೀಮ್ಸ್‌ನ ಹೆಂಡತಿ ಲೊರೆಟಾಳ ಮನೆಗೆ ಹೋದಳು. ಕೇಳಿದ್ದು ಒಂದೇ ಪ್ರಶ್ನೆ: ಅವನಿಗೆ ಯಾವ ಲೈಸೆನ್ಸು ಇತ್ತು?

"ಮನೆಗಳಿಗೆ ಬೆಲೆ ಕಟ್ಟೋ ಲೈಸೆನ್ಸು ಮಾತ್ರ ಇತ್ತು," ಎಂದಳು ಲೊರೆಟಾ. "ಅದರ ಪರೀಕ್ಷೆಗೆ ಹೊಸಬರಿಗೆ ಪಾಠಾನೂ ಹೇಳ್ತಿದ್ರು."

ಹೊರಗೆ ಬಂದ ವೆಂಡೆಲ್‌ನ ಮುಖ ಇಳಿದುಹೋಗಿತ್ತು. "ಅಲ್ಲಿಗೆ ಪ್ಯಾಸ್ಕೀ ಹೇಳಿದ್ದು ನಿಜಾನೇ ಆಯ್ತಲ್ಲ."

"ನಿನ್ನಂಥೋರು ಇರೋತನಕ ಅವನ ಬೇಳೆ ಬೇಯುತ್ತೆ ಬಿಡು," ಎಂದಳು ಅಗಸ್ಟಾ. ದನಿಯಲ್ಲಿ ನಗುವಿರಲಿಲ್ಲ.

ಮರುದಿನ ರಮೋನಾಳ ಮನೆಯಲ್ಲೇ ಎಲ್ಲರೂ ಸೇರಿದರು, ಲೊರೆಟಾ ಕೂಡ. ಪೊಲೀಸ್ ಸಾರ್ಜೆಂಟ್ ಬಾಗಿಲಿಗೆ ಅಡ್ಡ ನಿಂತ.

"ಮೊದಲು ಬೂಟಿನ ಕವರು," ಎಂದಳು ಅಗಸ್ಟಾ. "ಕೆಲಸ ಒಲ್ಲೆ ಅನ್ನೋಕೆ ಬಂದವನು ಬಾಗಿಲಲ್ಲೇ ಹೇಳಿ ಹೋಗ್ತಾನೆ. ಅಳೆಯೋಕೆ ಒಳಗೆ ಬಂದವನು ಕವರು ಹಾಕ್ತಾನೆ. ಅದನ್ನ ಬಿಚ್ಚದೆ ನೆಲಮಾಳಿಗೆಗೆ ಇಳಿದಿದ್ದಾನೆ ಅಂದ್ರೆ ಕೆಲಸದ ನಡುವೆ ಯಾರೋ ಕರೆದರು."

"ಅದು ಇವಳೂ ಆಗಬಹುದಲ್ಲ?" ಎಂದ ಸಾರ್ಜೆಂಟ್.

"ಆಗಬಹುದು. ಆದ್ರೆ ಪ್ಯಾಸ್ಕೀ ಹೇಳಿದ ಮಾತನ್ನ ವೀಮ್ಸ್ ಸತ್ತರೂ ಆಡೋನಲ್ಲ. ಲೈಸೆನ್ಸು ವಲಯ ನೋಡಲ್ಲ ಸ್ವಾಮಿ, ಬೆಲೆ ಕಟ್ಟೋದು ಮನೆಗೋ ಅಂಗಡಿಗೋ ಅಂತ ನೋಡುತ್ತೆ. ಕೆಳಗಿನ ಅಂಗಡಿ ಅವನಿಗೆ ಬರಲ್ಲ, ನಿಜ. ಈ ಮನೆ ಧಾರಾಳವಾಗಿ ಬರುತ್ತೆ. ಅದನ್ನೇ ಪಾಠ ಹೇಳ್ತಿದ್ದವನು ತಪ್ಪಿ ನುಡೀತಾನಾ? ಇನ್ನು ಆ ಮಾತು ಯಾರದು? ನನಗೂ ಹೇಳಿದ್ದ, ರಮೋನಾಗೂ ಹೇಳಿದ್ದ: 'ಇದು ವಾಣಿಜ್ಯ ವಲಯ, ಈ ಮನೆಗಳಿಗೆ ಯಾರೂ ಬೆಲೆ ಕಟ್ಟೋ ಹಾಗಿಲ್ಲ, ಬ್ಯಾಂಕು ಸಾಲ ಕೊಡಲ್ಲ, ಬಂದಷ್ಟಕ್ಕೆ ನನಗೇ ಮಾರಿ.' ಹಾಗೆ ಹೇಳಿ ಎರಡು ಮನೆ ನುಂಗಿ ನೀರು ಕುಡಿದವನು ಇಲ್ಲೇ ಕೂತಿದ್ದಾನೆ. ವೀಮ್ಸ್ ಬೆಲೆ ಕಟ್ಟಿದ್ರೆ ಅವನ ಬಣ್ಣ ಬಯಲಾಗ್ತಿತ್ತು."

ಪ್ಯಾಸ್ಕೀ ಧಡಕ್ಕನೆ ಎದ್ದ. ಮುಖ ಕೆಂಪೇರಿತ್ತು. "ಕಾನೂನು ಮುರಿದಿದ್ದು ಅವನು! ನೆಲಮಾಳಿಗೇಲಿ ಬಾಯ್ಲರ್ ಹತ್ರ ನಿಲ್ಲಿಸಿ ಹೇಳಿದೆ, ಇದು ನಿನ್ನ ಲೈಸೆನ್ಸಿಗೆ ಬರಲ್ಲ ಅಂತ. ನಕ್ಕುಬಿಟ್ಟ! ಬೆನ್ನು ತಿರುಗಿಸಿ ಹೊರಟ..."

ಸಾರ್ಜೆಂಟ್ ಬೇಡಿ ತೆಗೆದ. ವೆಂಡೆಲ್ ಪ್ಯಾಸ್ಕೀಯನ್ನೇ ನೋಡಿದ. ಹತ್ತು ಜನರಿಗೆ ಹೇಳಿದ ಸುಳ್ಳನ್ನು ಈ ಮನುಷ್ಯ ಹನ್ನೊಂದನೆಯವನಾಗಿ ತಾನೇ ನಂಬಿದ್ದ.

"ನಿಜವಾಗ್ಲೂ ಅವನ ಲೈಸೆನ್ಸಿಗೆ ಬರ್ತಿತ್ತಾ?" ಪ್ಯಾಸ್ಕೀ ಲೊರೆಟಾಳನ್ನು ಕೇಳಿದ.

"ಬರ್ತಿತ್ತು," ಎಂದಳು ಆಕೆ. "ಕೇಳಿದ್ರೆ ಕೂರಿಸಿಕೊಂಡು ಹೇಳಿಕೊಡ್ತಿದ್ರು."

ಅವನನ್ನು ಕರೆದೊಯ್ದ ಮೇಲೆ ರಮೋನಾ ಬಿಕ್ಕಿ ಬಿಕ್ಕಿ ಅತ್ತಳು. "ನಾನೇ ಕಣಮ್ಮ ಅವರನ್ನ ಈ ಮನೆಗೆ ಕರೆಸಿದ್ದು!"

ಲೊರೆಟಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ನಿನ್ನ ತಪ್ಪಲ್ಲ ಎಂದು ಹೇಳಲು ಮಾತ್ರ ಅವಳಿಂದ ಆಗಲಿಲ್ಲ.