‘ಸೇರಿಸಲಾಗಿದೆ’ ಎಂದ ಚೀಟಿ

“ನಾನು ಅಳಿಸಿಲ್ಲ ಅಕ್ಕ, ದೇವರಾಣೆಗೂ ಅಳಿಸಿಲ್ಲ,” ಎಂದು ಆ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದಳು.

ಅವಳು ಕಣ್ಣಾಸ್ಪತ್ರೆಯ ನೋಂದಣಿ ಗುಮಾಸ್ತೆ. ಹೇಳಿದ್ದು ನಮ್ಮ ಕಚೇರಿಯ ಜರಡಿ ಅಕ್ಕನಿಗೆ. ನಾವು ಬರೆದ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವುದು ಅಕ್ಕನ ಕೆಲಸ. ಕಲ್ಲಿದ್ದರೆ ಅವಳ ಕೈಗೆ ಸಿಕ್ಕೇ ಸಿಗುತ್ತದೆಂದು ಆ ಹೆಸರು ಬಿದ್ದಿತ್ತು. ಎಂಟು ವರ್ಷದಿಂದ ಪಕ್ಕದ ಮೇಜಿನಲ್ಲಿ ಕೂತಿದ್ದ ನಾನು, ಅವಳು ಬಿಡಿಸಿದ ಒಗಟುಗಳಿಗೆಲ್ಲ ಸಾಕ್ಷಿ. ಈ ಸಲ ಮಾತ್ರ ಬರೀ ಸಾಕ್ಷಿಯಾಗಿ ಉಳಿಯುವ ಭಾಗ್ಯ ನನಗಿರಲಿಲ್ಲ.

“ಮೊದಲು ನೀರು ಕುಡಿ. ಯಾರನ್ನ ಅಳಿಸಿಲ್ಲ?” ಅಂದಳು ಅಕ್ಕ.

“ನಮ್ಮತ್ತೇನ.”

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಂತೂ ತೀರಾ ಕೆಟ್ಟಿತ್ತು. ಅಂಥ ಕಣ್ಣಿಗೆ ಕೈಹಾಕುವ ತಜ್ಞ ವೈದ್ಯರು ಮರುದಿನ ಬರುವವರಿದ್ದರು. ಮತ್ತೆ ಬರುವುದು ಆರು ತಿಂಗಳಿಗೆ. ಮಂಗಳವಾರ ಸೊಸೆಯೇ ಅತ್ತೆಯ ಹೆಸರು ನೋಂದಾಯಿಸಿ ಚೀಟಿ ತೆಗೆದುಕೊಟ್ಟಿದ್ದಳು. ಈಗ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

“ಅಳಿಸೋ ಪಾಸ್‌ವರ್ಡ್ ಇರೋದು ನನ್ನೊಬ್ಬಳ ಹತ್ರ. ಸಂಜೆಯೊಳಗೆ ಕೆಲಸ ಬಿಡು ಅಂದಿದಾರೆ ಆಡಳಿತಾಧಿಕಾರಿ. ಕೆಲಸ ಹಾಳಾಗ್ಲಿ, ಅತ್ತೆ ಮನೆಗೇ ಕಾಲಿಡಬೇಡ ಅಂತಿದಾರೆ. ‘ನನ್ನ ಕಣ್ಣು ಹೋಗ್ಲಿ ಅಂತ ಕಾಯ್ತಿದ್ದೆ’ ಅಂದ್ರು.”

“ಹಾಗನ್ನೋಕೆ ಏನಾದ್ರೂ ಆಗಿತ್ತಾ?”

ಅವಳು ಸೆರಗಿನ ತುದಿ ಹಿಂಡಿದಳು. “ಹೋದ ವಾರ ಅಡುಗೆಮನೆ ಡಬ್ಬಗಳ ಜಾಗ ಬದಲಾಯಿಸಿದ್ದೆ. ಅವರಿಗೆ ಕಾಣಲ್ವಲ್ಲ, ಜಾಗದ ಗುರುತಿನ ಮೇಲೇ ತೆಗೀತಾರೆ. ಸಕ್ಕರೆ ಅಂತ ಟೀಗೆ ಉಪ್ಪು ಹಾಕಿದ್ರು, ನೆಂಟರ ಮುಂದೆ. ಬೇಕಂತ ಮಾಡಿದ್ದಲ್ಲ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ.”

ನಾನು ಸುಮ್ಮನಿರಬಾರದೇ? “ನೋಡಮ್ಮ, ನಿಮ್ಮ ಆಸ್ಪತ್ರೆಯ ನೋಂದಣಿ ಪ್ರೋಗ್ರಾಂ ಬರೆದವನು ನಾನೇ. ಒಳಗೆ ಸೇರಿದ ಹೆಸರು ತಾನಾಗಿ ಎದ್ದು ಹೋಗಲ್ಲ,” ಎಂದು ಠೀವಿಯಿಂದ ಹೇಳಿದೆ. ಅವಳ ಕಣ್ಣು ತುಂಬಿತು. ಅಕ್ಕ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಚೀಟಿ ಕೇಳಿದಳು. ಅದರಲ್ಲಿ ಅತ್ತೆಯ ಹೆಸರು, ವಯಸ್ಸು, ಫೋನ್ ನಂಬರ್, ಕೆಳಗೆ ‘ಸೇರಿಸಲಾಗಿದೆ. ಪಟ್ಟಿಯಲ್ಲಿ ಈಗ ೧೩೧ ಮಂದಿ’ ಎಂದು ಅಚ್ಚಾಗಿತ್ತು.

ಅಷ್ಟರಲ್ಲಿ ಗುಮಾಸ್ತೆಯ ಫೋನ್ ಬಡಿದುಕೊಂಡಿತು. “ಹೂಂ ಸಿಸ್ಟರ್, ಕೊಡೆ ರಿಪೇರಿ ತಾತನಿಗೆ ನಾನೇ ಹೇಳ್ತೀನಿ. ನಾಳೆ ಎಂಟಕ್ಕೆ ಕರ್ಕೊಂಡು ಬರ್ತೀನಿ,” ಎಂದು ಅವಸರದಲ್ಲಿ ಹೇಳಿ ಇಟ್ಟಳು.

“ತಾತ ನಿನಗೇನಾಗಬೇಕು?”

“ಏನೂ ಇಲ್ಲ. ಆಸ್ಪತ್ರೆ ಗೇಟಿನ ಹತ್ರ ಕೂರ್ತಾರೆ,” ಎಂದವಳು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು. ಏನೋ ಬಚ್ಚಿಡುತ್ತಿದ್ದಾಳೆ ಎಂದು ನನಗೂ ಗೊತ್ತಾಯಿತು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ, ಪಾಪಿ ನಾನು.

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ನೋಂದಣಿ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಆಡಳಿತಾಧಿಕಾರಿ ಗಡಿಯಾರ ನೋಡುತ್ತ ನಿಂತಿದ್ದರು. ಅತ್ತೆ ಬೆಂಚಿನ ತುದಿಯಲ್ಲಿ, ಸೊಸೆಯ ದನಿ ಬಂದ ಕಡೆಗೆ ಬೆನ್ನು ಮಾಡಿ ಕೂತಿದ್ದರು. ಅಕ್ಕ ಚೀಟಿಗಳ ನಕಲನ್ನು ಚುಚ್ಚಿಟ್ಟಿದ್ದ ಕಡ್ಡಿಯನ್ನು ಮೇಜಿನ ನಡುವೆ ಇಟ್ಟಳು.

“ಸರ್, ಇದು ಈ ಅಮ್ಮನ ಚೀಟಿ. ಪಟ್ಟಿಯಲ್ಲಿ ಎಷ್ಟು ಮಂದಿ ಅಂತಿದೆ?”

“ನೂರ ಮೂವತ್ತೊಂದು.”

“ಇದಕ್ಕಿಂತ ಮೊದಲಿನವರ ಚೀಟಿ ಓದಿ.”

ಅಧಿಕಾರಿ ಓದಿ, ಕನ್ನಡಕ ಒರೆಸಿ ಮತ್ತೆ ಓದಿದರು. “ಇದರಲ್ಲೂ ನೂರ ಮೂವತ್ತೊಂದು.”

“ಮಿಕ್ಕ ಎಲ್ಲಾ ಚೀಟಿಯಲ್ಲೂ ಒಂದೊಂದು ಏರಿದೆ. ಅಮ್ಮನ ಸರದಿಯಲ್ಲಿ ಮಾತ್ರ ಏರಿಲ್ಲ. ಅಂದ್ರೆ ಚೀಟಿ ಅಚ್ಚಾದ ಗಳಿಗೆಯಲ್ಲೇ ಅವರು ಪಟ್ಟಿಯಲ್ಲಿರಲಿಲ್ಲ. ಒಳಗೇ ಬರದವರನ್ನ ಯಾರು ಸರ್ ಹೊರಗೆ ಹಾಕೋಕಾಗುತ್ತೆ?”

ನನ್ನ ಕಿವಿ ಬಿಸಿಯಾಗತೊಡಗಿತು.

“ಮತ್ತೆ ‘ಸೇರಿಸಲಾಗಿದೆ’ ಅಂತ ಇದೆಯಲ್ರೀ?” ಎಂದರು ಅಧಿಕಾರಿ.

“ಹೇಳ್ತೀನಿ. ಈ ಪಟ್ಟಿಯನ್ನ ಯಂತ್ರ ಇಟ್ಕೊಂಡಿರೋದು ಸೆಟ್ ಅನ್ನೋ ಸಂಗ್ರಹದಲ್ಲಿ. ಸೆಟ್‌ನಲ್ಲಿ ಒಂದನ್ನೇ ಎರಡು ಸಲ ಇಡೋಕಾಗಲ್ಲ. ಹೊಸಬರನ್ನ ಸೇರಿಸು ಅಂದ್ರೆ ಸೇರಿಸಿ ‘ಹೌದು’ ಅನ್ನುತ್ತೆ. ಆಗಲೇ ಇದ್ದವರಾದ್ರೆ ಸೇರಿಸಲ್ಲ, ‘ಇಲ್ಲ’ ಅನ್ನುತ್ತೆ. ಕೂಗಾಡಲ್ಲ, ನಿಲ್ಲಲ್ಲ. ಆ ಉತ್ತರ ಕೇಳಿಸ್ಕೊಳ್ಳೋದು ಪ್ರೋಗ್ರಾಂ ಬರೆದವರ ಕೆಲಸ.”

“ಆದ್ರೆ ಇವರು ಮೊದಲು ಪಟ್ಟಿಯಲ್ಲಿರಲಿಲ್ಲವಲ್ಲ?”

“ಇಬ್ಬರು ರೋಗಿಗಳು ಒಬ್ಬರೇನಾ, ಬೇರೇನಾ ಅಂತ ಸೆಟ್‌ಗೆ ತಾನಾಗಿ ಗೊತ್ತಾಗಲ್ಲ. ಯಾವ ಗುರುತು ನೋಡ್ಬೇಕು ಅಂತ ನಾವೇ ಹೇಳಿಕೊಡ್ಬೇಕು. ನಾವು ಹೇಳಿಕೊಟ್ಟದ್ದು ಫೋನ್ ನಂಬರ್.” ಅಕ್ಕ ಕಡ್ಡಿಯಿಂದ ಇನ್ನೊಂದು ಚೀಟಿ ಎಳೆದಳು. “ಇದು ಕೊಡೆ ರಿಪೇರಿ ತಾತನದು. ನಂಬರ್ ಹೋಲಿಸಿ ನೋಡಿ. ಎರಡೂ ಒಂದೇ. ತಾತನಿಗೆ ಬರಬೇಕಾದ ಕರೆ ಬೆಳಗ್ಗೆ ನನ್ನ ಕಣ್ಣೆದುರೇ ಇವಳ ಫೋನಿಗೆ ಬಂತು.”

ಗುಮಾಸ್ತೆ ತಲೆ ತಗ್ಗಿಸಿದಳು. “ತಪ್ಪಾಯ್ತು ಸರ್. ರೋಗಿಗಳಿಗೆ ನಮ್ಮ ನಂಬರ್ ಹಾಕಬಾರದು ಅಂತ ನಿಯಮ ಇದೆ. ಆದ್ರೆ ತಾತನ ಹತ್ರ ಫೋನೇ ಇಲ್ಲ. ನಂಬರಿಲ್ದೆ ಅರ್ಜಿ ಮುಂದಕ್ಕೆ ಹೋಗಲ್ಲ. ಅತ್ತೆ ಹತ್ರಾನೂ ಇಲ್ಲ. ಆಪರೇಷನ್ ಕರೆ ನನಗೇ ಬರ್ಲಿ, ನಾನೇ ಕರ್ಕೊಂಡು ಬರೋಣ ಅಂತ...”

“ಹೀಗಾಗಿ ಅಮ್ಮನನ್ನ ಸೇರಿಸು ಅಂದಾಗ ಸೆಟ್ ಅವರನ್ನ ತಾತ ಅಂದ್ಕೊಂಡು ‘ಇಲ್ಲ’ ಅಂತು. ಪ್ರೋಗ್ರಾಂ ಅದನ್ನ ಕಿವಿಗೇ ಹಾಕ್ಕೊಳ್ಳದೆ ‘ಸೇರಿಸಲಾಗಿದೆ’ ಅಂತ ಅಚ್ಚು ಹಾಕ್ತು. ನನ್ನದೂ ತಪ್ಪಿದೆ ಸರ್. ನೂರು ಸುಳ್ಳು ರೋಗಿಗಳನ್ನ ಹಾಕಿ ಪರೀಕ್ಷೆ ಮಾಡಿದ್ದೆ, ನೂರು ಜನಕ್ಕೂ ಬೇರೆ ಬೇರೆ ನಂಬರ್ ಕೊಟ್ಟಿದ್ದೆ.”

ನನ್ನ ಹೆಸರನ್ನು ಅವಳು ಎತ್ತಲೇ ಇಲ್ಲ. ಅದೇ ಹೆಚ್ಚು ಚುಚ್ಚಿತು. ಎದ್ದು ನಿಂತೆ. “ಬರೆದವನು ನಾನು. ಒಂದು ಫೋನಿಗೆ ಒಬ್ಬ ಮನುಷ್ಯ ಅಂದ್ಕೊಂಡವನೂ ನಾನೇ. ಎಲ್ಲರ ಜೇಬಲ್ಲೂ ಫೋನಿರುತ್ತೆ ಅನ್ನೋ ಕೊಬ್ಬು. ಬೆಳಗ್ಗೆ ಈ ತಾಯಿ ಮೇಲೆ ಹಾರಾಡಿದ್ದೂ ನಾನೇ. ಕ್ಷಮಿಸಿಬಿಡಮ್ಮ,” ಎಂದೆ.

ಅಲ್ಲಿಯೇ ಕೂತು ಪ್ರೋಗ್ರಾಂ ತಿದ್ದಿದೆ. ಹೆಸರು, ವಯಸ್ಸು, ವಿಳಾಸ ಎಲ್ಲ ಒಂದೇ ಆದರೆ ಮಾತ್ರ ಒಬ್ಬರು. ಸೆಟ್ ‘ಇಲ್ಲ’ ಎಂದರೆ ಚೀಟಿಯೂ ‘ಇಲ್ಲ’ ಎನ್ನಬೇಕು. ಇಡೀ ಕಡ್ಡಿಯನ್ನು ಜಾಲಾಡಿದೆವು. ಪುಣ್ಯಕ್ಕೆ ಬೇರೆ ಯಾರೂ ಹೀಗೆ ಬಿಟ್ಟುಹೋಗಿರಲಿಲ್ಲ. ಆಡಳಿತಾಧಿಕಾರಿ ಗಂಟಲು ಸರಿಮಾಡಿಕೊಂಡರು. “ಫೋನಿಲ್ಲದವರಿಗೆ ಆಸ್ಪತ್ರೆ ನಂಬರ್ ಹಾಕಿ ಅಂತ ನಾನು ಎಂದೋ ಹೇಳಬೇಕಿತ್ತು. ನೀನೆಲ್ಲೂ ಹೋಗಬೇಡಮ್ಮ. ನಿಮ್ಮತ್ತೆ ಹೆಸರು ಹಾಕು, ಆಸ್ಪತ್ರೆ ನಂಬರಲ್ಲೇ ಹಾಕು.”

“ಬೇಡ,” ಎಂದರು ಅತ್ತೆ. ಬೆಂಚಿನ ಮೇಲೆಯೇ ಈ ಕಡೆ ತಿರುಗಿ ಗಾಳಿಯಲ್ಲಿ ಕೈ ಚಾಚಿದರು. ಸೊಸೆ ಓಡಿಬಂದು ಆ ಕೈ ಹಿಡಿದಳು.

“ಇವಳ ನಂಬರೇ ಇರಲಿ. ನಿಯಮ ಗಿಯಮ ಆಮೇಲೆ ನೋಡ್ಕೊಳ್ಳಿ,” ಅಂದರು. ಆಮೇಲೆ ನನ್ನ ದನಿ ಕೇಳಿದ ದಿಕ್ಕಿಗೆ ಮುಖ ಮಾಡಿದರು. “ನೀನು ಯಂತ್ರ ಹೇಳಿದ್ದನ್ನ ಕೇಳಿಸ್ಕೊಳ್ಳಲಿಲ್ಲ ಅಷ್ಟೇ ತಾನೇ ಮಗಾ? ಇವಳು ‘ನಾನಲ್ಲ ಅತ್ತೆ’ ಅಂತ ನನ್ನ ಕಾಲು ಹಿಡ್ಕೊಂಡು ಹೇಳಿದ್ಲು. ನನ್ನ ಕಣ್ಣು ಹೋಗಿತ್ತು, ಕಿವಿ ನೆಟ್ಟಗಿತ್ತು.”